ಸೂರ್ಯನಿಗೆ ಎಷ್ಟು ಗಂಟೆ

ಹಂಪನಕಟ್ಟೆಯ ಮೂರನೇ ಮಹಡಿಯಲ್ಲಿ ಕೂತು
ಹಗಲೆಲ್ಲ ಚಿನ್ನದಂಗಡಿಗೆ ನಗು ಜೋಡಿಸುತ್ತೇನೆ.
'ಮಜೂರಿ ಇಲ್ಲ' ಎಂಬುದು ಮದುಮಗಳ ಹಣೆಯಷ್ಟು ಅಗಲ,
'ಷರತ್ತುಗಳು ಅನ್ವಯಿಸುತ್ತವೆ' ಎಂಬುದು
ಇರುವೆಯ ಕಾಲಿನಷ್ಟು.
ಏನು ಕಾಣಬೇಕು, ಏನು ಕಾಣಬಾರದು,
ಈ ವಿದ್ಯೆಗೆ ತಿಂಗಳಿಗೊಮ್ಮೆ ಸಂಬಳ.

ಗುರುವಾರ ಸಂಜೆ ಮಾತ್ರ
ಸರಕಾರಿ ಆಸ್ಪತ್ರೆಯ ಮದ್ದಿನ ಕಿಟಕಿಯ ಹಿಂದೆ
ಒಂದು ಕುಂಟು ಸ್ಟೂಲು ನನ್ನದು.
ಲವೀನಾಬಾಯಿ ಮಾತ್ರೆ ಎಣಿಸುತ್ತಾರೆ,
ನಾನು ಲಕೋಟೆ ನೋಡುತ್ತೇನೆ.
ಒಂದು, ಸೊನ್ನೆ, ಒಂದು; ಯಾರದೋ ಅವಸರದ ಗೀಟು.
'ಊಟಕ್ಕೆ ಮುಂಚೆ'ಯ ಒತ್ತಕ್ಷರ
ಮಡಿಕೆಯೊಳಗೆ ಸಿಕ್ಕಿ ಉಸಿರುಗಟ್ಟಿದೆ.
ಸಣ್ಣಕ್ಷರ ಇಲ್ಲೂ ಇದೆ.
ಇಲ್ಲಿ ಯಾರೂ ಬಚ್ಚಿಟ್ಟದ್ದಲ್ಲ, ಜಾಗ ಸಾಲದ್ದು.

ಕಲಿತ ವಿದ್ಯೆ ಹೊರತೆಗೆದೆ.
ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ,
ಓದು ಬಾರದವರಿಗೂ ಸಾಕು ಅಂದುಕೊಂಡೆ.
ಡಾಕ್ಟರು ಚಂದ ಉಂಟು ಅಂದರು,
ಲವೀನಾಬಾಯಿ ಅಂದರು,
ಎಲ್ಲರಿಗಿಂತ ಮೊದಲು ನಾನೇ ಅಂದಿದ್ದೆ.

ಮೂರನೇ ಗುರುವಾರ ಬೆಂಗ್ರೆಯ ಬೇಬಿಯಕ್ಕ ಬಂದರು.
ಮೊಣಕೈಗೆ ಪಟ್ಟಿ, ಮುಷ್ಟಿಯಲ್ಲಿ ಮುದುಡಿದ ನನ್ನ ಸೂರ್ಯ.
ಎರಡು ಸಲ ಕಣ್ಣು ಕತ್ತಲೆ ಬಂದು
ಬಂಗುಡೆ ಬುಟ್ಟಿ ಸಮೇತ ಬಿದ್ದಿದ್ದರಂತೆ.
"ಅಲ್ಲ ಮಗಾ, ನಾನು ಏಳುವುದು ಎರಡೂವರೆಗೆ.
ಹೊಳೆ ದಾಟಿ ದಕ್ಕೆಗೆ ಬಂದು
ಏಲಂ ಮುಗಿಯುವಾಗ ಐದು.
ಸೂರ್ಯ ಬಂದ ಕೂಡಲೆ ನುಂಗಿದೆ,
ನೀನು ಬರೆದ ಹಾಗೆಯೇ.
ಗಂಜಿ ಬಾಯಿಗೆ ಬೀಳುವುದು ಹತ್ತಕ್ಕೆ.
ಈ ಸೂರ್ಯನಿಗೆ ಎಷ್ಟು ಗಂಟೆ?"

ಬೈದದ್ದಲ್ಲ. ನಿಜವಾಗಿಯೂ ಕೇಳಿದ್ದು.

ಸ್ಟೂಲು ಅವರಿಗೆ ಕೊಟ್ಟು ನೆಲದಲ್ಲಿ ಕೂತೆ.
ಸೂರ್ಯನನ್ನು ಅಳಿಸಿ ಬಟ್ಟಲು ಬರೆದೆ,
ಪಕ್ಕದಲ್ಲಿ ಒಂದು ಮಾತ್ರೆ:
ಬಟ್ಟಲು ಎದುರಿಗೆ ಬಂದರೆ ಮಾತ್ರ ನುಂಗುವುದು.
"ಇದು ಹೋಟೆಲಿನ ಬಟ್ಟಲು," ಅಂದರು.
ಅಡಿ ಆಳ ಮಾಡಿದೆ.
"ತಿಳಿ ಎಲ್ಲಿ?" ತುಸು ತಿಳಿ ಬಿಟ್ಟೆ.
ಹತ್ತಾರು ಸಲ ಅಳಿಸಿದ ಕಾಗದ ತೆಳ್ಳಗಾಗಿ
ಕಿಟಕಿಯ ಬೆಳಕು ಆಚೆಯಿಂದ ಕಂಡಿತು.

ಶುಕ್ರವಾರ ಅಂಗಡಿಯ ಮಾಲಕರ ಫೋನು:
ಷರತ್ತು ಇನ್ನೂ ಸ್ವಲ್ಪ ಸಣ್ಣ ಆಗಲಿ.
ಮಾಡಿದೆ. ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ.
ಪ್ರೆಸ್ಸಿನಲ್ಲಿ ಆ ಜಾಹೀರಾತಿನ ಅಂಚು ಕತ್ತರಿಸಿ ಉಳಿದ
ಒಳ್ಳೆಯ ದಪ್ಪ ಕಾಗದವನ್ನು ಕೇಳಿ ತಂದೆ.
ಈಗ ಮದ್ದಿನ ಲಕೋಟೆ ಮಡಿಸುವುದು ಅದರಲ್ಲೇ.
ಕೆಲವದರ ಒಳಗೆ ಇನ್ನೂ ಒಂದೊಂದು
ಬಳೆಯ ಚೂರು ಹೊಳೆಯುತ್ತದೆ.

ಮೊದಲ ಕಟ್ಟು ಬೇಬಿಯಕ್ಕನಿಗೆ ತೋರಿಸಿದೆ.
ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು,
"ಎಲ್ಲ ಸರಿ. ಒಣಮೀನು ಇಲ್ಲವಲ್ಲ."
"ಉಪ್ಪು ಬೇಡ ಅಂದಿದ್ದಾರಲ್ಲ ಡಾಕ್ಟರು?"
"ಬೇಡ ಅಂದದ್ದು ನನ್ನ ನಾಲಗೆಗೆ ಮಗಾ,
ನಿನ್ನ ಪೆನ್ಸಿಲಿಗಲ್ಲ."