ಹೆಪ್ಪು

ಮಷೀನು ಚಂದಾಗಿದ್ದಾಗ ಯಾರೂ ನನ್ನ ಕರಿಯೂದಿಲ್ಲ.
ನಾನೇ ಹೋಗಿ ಕೇಳಬೇಕು, ಸೊಲ್ಲಾಪುರದ
ಅಕ್ಕಲಕೋಟ ರಸ್ತೆಯ ಕಾರ್ಖಾನೆ ಕಾರ್ಖಾನೆಗೆ:
ಒಂದು ಸಿಡಿ ಸುಟ್ಟು ಇಟ್ಟುಕೊಳ್ರಿ ಶೇಟ್,
ನಾಳೆ ಇದು ಏಳದಿದ್ರ ಎಬ್ಬಸಾಕ.
ಯೆಮುಲ್ ಶೇಟ್ ನಗ್ತಿದ್ರು:
ಓಡೂ ಕುದುರಿಗೆ ಯಾಕವ್ವಾ ಔಷಧ?

ಹತ್ತೂರೆ ಕಾಕಾ ಮಾತ್ರ ಕೇಳಿದ್ರು.
ಚಾದರಿನ ಮ್ಯಾಲ ಬರೂ ನವಿಲು, ಮಾವು, ಆನಿ
ಎಲ್ಲಾ ಅವರ ಕೈಯವು.
"ಇದರಾಗ ನನ್ನ ಡಿಸೈನು ಅದಾವೇನು?"
ಇಲ್ಲ ಕಾಕಾ, ಒಂದೂ ಇಲ್ಲ.
"ಮತ್ತ ಏನದ?"

ಏನಂತ ಹೇಳಲಿ. ಹೆಪ್ಪು ಅಂದೆ.
ರಾತ್ರಿ ವಾಟಗಾ ಹಿಡಕೊಂಡು ನೆರಮನಿಗೆ ಹೋಗ್ತೀವಲ್ಲ,
ಆ ಒಂದು ಚಮಚ.
ಅದರಿಂದ ಯಾರ ಊಟಾನೂ ಆಗೂದಿಲ್ಲ.
ಅದಿಲ್ಲಂದ್ರ ಕೊಡದಷ್ಟು ಹಾಲು
ತಾನು ಏನಾಗಬೇಕು ಅನ್ನೂದು ತಿಳೀದ ಕುಂಡರ್ತದ.

ನಮ್ಮ ಚಿಗವ್ವ ರಟ್ಟಿಗೆ ತೂತು ಹೊಡಿತಿದ್ಲು.
ತೂತಿದ್ದಲ್ಲಿ ಎಳಿ ಏಳ್ತದ, ಇಲ್ಲದಲ್ಲಿ ಮಲಗ್ತದ.
ಒಂದು ನವಿಲಿಗೆ ಎರಡು ಸಾವಿರ ರಟ್ಟು,
ಮಾಲಿ ಕಟ್ಟಿ ಮಗ್ಗದ ತಲಿಮ್ಯಾಲ ತೂಗಬಿಟ್ಟಿದ್ರು.
ಇಲಿ ಕಡಿದ್ರ ಹೋಗ್ತಿದ್ದುದು ಒಂದು ಗರಿ.
ಕಂಪ್ಯೂಟರ್ ಬಂದ ವರ್ಷ ಅವೆಲ್ಲಾ ರದ್ದಿಯವನ ತಕ್ಕಡಿಗೆ.
ಈಗ ಹೋದ್ರ
ನವಿಲು, ನವಿಲು ಕುಂತ ಗಿಡ, ಗಿಡದ ಊರು.

ಚಳಿಗಾಲದ ಒಂದು ರಾತ್ರಿ ಕರೆಂಟು ಮೂರು ಸಲ ಹೋಗಿ ಬಂತು.
ನಾಲ್ಕನೇ ಸಲ ಅದು ಬಂತು, ಇದು ಬರಲಿಲ್ಲ.
ಕರಿ ಪರದೆ. ಮೂಲ್ಯಾಗ ಒಂದು ಬಿಳಿ ಗೀಟು
ಮಿಣಕ್, ಮಿಣಕ್.
ಹದಿನಾರು ಮಗ್ಗ ಒಮ್ಮೆಲೆ ನಿಂತದ್ದು ಕೇಳೀರೇನು?
ಪೇಠದ ನಾಯಿಗೂ ನಿದ್ದಿ ಹತ್ತಲಿಲ್ಲ.

ಪಾಡ್ಯದ ದಿನ ಶೇಟ್ ಖಾತೆ ಪೂಜೆಗೆ ಕುಂತಾಗ
ಕೇಳದಽ ಸುಟ್ಟಿಟ್ಟಿದ್ದೆ ನಾನು ಒಂದು ಸಿಡಿ,
ಡಿಸೈನಿನ ನಕಲು ಬ್ಯಾರೆ ಡಬ್ಬ್ಯಾಗ.
ಸಿಡಿ ಸಿಕ್ತು, ಕುಂಕುಮದ ಬಟ್ಟಲಿನ ಕೆಳಗ.
ಅದನ್ನ ಇಡೂ ಬಾಯಿ ತೆರೀಲಿಲ್ಲ,
ಹತ್ತಿ ಧೂಳು ಕಚ್ಚಿ ಹಿಡಿದಿತ್ತು.
ಮುಖದ ಮ್ಯಾಲ ಒಂದು ಸಣ್ಣ ತೂತು ಇರ್ತದ, ಇಂಥಾ ಹೊತ್ತಿಗೇ.
ಬಳಿಗೆ ಸಿಗಿಸಿದ ಪಿನ್ನು ಬಿಚ್ಚಿ ಚುಚ್ಚಿದೆ.
ನಾಲಿಗಿ ಚಾಚಿತು.

ತಿರುಗಿತು. ಗೊರಗೊರ ಅಂತು.
ಆಮ್ಯಾಲ, ಯಾರ ಮನಿ ಇದು ಅನ್ನೂ ಹಂಗ, ಎದ್ದಿತು.
ಇಲ್ಲಿ ನೋಡು, ಈ ಡಬ್ಬ್ಯಾಗ ನೀನಿದ್ದಿ, ತಗೋ ಅಂದೆ.
ನಾಲ್ಕು ಪರ್ಸೆಂಟಿಗೆ ಕಾಕಾ ಒಮ್ಮೆ ತಂಬಾಕು ತಿಕ್ಕಿದ್ರು,
ಹನ್ನೊಂದಕ್ಕ ಒಮ್ಮೆ,
ನಲವತ್ತಕ್ಕ ಚೀಲ ಖಾಲಿ.

ಬೆಳಕಾದಾಗ ನವಿಲು ಬಂತು, ಮಾವು ಬಂತು,
ಆನಿ ಸೊಂಡಿಲ ಸಹಿತ ಬಂತು. ಪಾಡ್ಯದ ತನಕದ್ದೆಲ್ಲಾ.
"ಗುಬ್ಬಿ ಎಲ್ಲಿ?" ಅಂದ್ರು ಕಾಕಾ.
ಜೋಳದ ತೆನಿಮ್ಯಾಲ ಗುಬ್ಬಿ. ಹಬ್ಬದ ಮುಂದ ಹತ್ತೊಂಬತ್ತು ದಿನ
ಕಣ್ಣೀರು ಬರೂ ಹಂಗ ನೋಡಿ ತೆಗೆದದ್ದು.
ನಾನು ಸುಮ್ಮನ ಪಿನ್ನು ಬಳಿಗೆ ಸಿಗಿಸಿದೆ.
ಹೆಪ್ಪಿಗೆ ಗೊತ್ತಿಲ್ಲದ ಹಾಲು ಅದು.

ಆಗ ವಾಚ್‌ಮನ್ ಲಾಡ್ಲೇಸಾಬ ಚಹಾ ತಂದ,
ತಲಿ ಮುಚ್ಚಿ ಚಾದರು ಹೊದ್ದು.
ಅಂಚು ಕೆಟ್ಟದ್ದಂತ ಶೇಟ್ ಅವಗ ಕೊಟ್ಟ ಮೊದಲನೇ ತುಂಡು.
ಬೆನ್ನ ತುಂಬ ಗುಬ್ಬಿ.

"ಅಲುಗಬ್ಯಾಡ" ಅಂದ್ರು ಕಾಕಾ.
ಭೂತಗನ್ನಡಿ ತಗೊಂಡು, ಸೂಜಿ ತುದಿಲೆ
ಅವನ ಬೆನ್ನಮ್ಯಾಲ ಎಳಿ ಎಣಿಸಾಕ ಹತ್ತಿದ್ರು.
ಲಾಡ್ಲೇಸಾಬ ಎರಡೂ ಕೈಯಾಗ ಕಪ್ಪು ಹಿಡಕೊಂಡು ನಿಂತ.
"ಚಳಿ ಅದ ಸಾಹೇಬ್ರ, ಇದು ತಿರುಗಿ ಕೊಡ್ತೀರಿಲ್ಲೋ?"

ಶೇಟ್, ಈಗ ಮಷೀನು ಚಂದ ಅದ, ಇನ್ನೊಂದು ಸಿಡಿ...
"ನಾಳೆ ನೋಡೂಣು."
ಅಷ್ಟೊತ್ತಿಗೆ ನಾನು ಹಾಕಿ ಆಗಿತ್ತು.

"ಮುನ್ನೂರ ಹನ್ನೆರಡು," ಹಿಂದಿನಿಂದ ಕಾಕಾನ ದನಿ.
"ಬರಕೋ. ಇಲ್ಲೊಂದು ಗುಬ್ಬಿಗೆ ಕಾಲು ಒಂದೇ ಅದ.
ಮಗ್ಗ ತಪ್ಪಿತೋ, ನಾನೋ.
ಹಂಗೇ ಇರಲಿ."