ಗಂಟೆ ಕೆಟ್ಟಿದೆ, ಬಾಗಿಲು ತಟ್ಟಿ

ಲೆಸ್ಟರಿನ ನಾರ್ಬರೋ ರಸ್ತೆಯಲ್ಲಿ ಚಪ್ಪಲಿ ರಿಪೇರಿ ಅಂಗಡಿ,
ಅದರ ಮೇಲೆ ನಾವಿಬ್ಬರು: ನಾನು, ಹಲೀನಾ.
ಹದಿನಾಲ್ಕು ವರ್ಷದಿಂದ ಕೆಳಗಿನವನು ಅಟ್ಟೆ ಹೊಲಿಯುತ್ತಾನೆ,
ಮೇಲೆ ನಾವು ಮಾತು.

ವೆಬ್‌ಸೈಟು ಹಳೆಯದಾಯಿತು, ಹೊಸದು ಮಾಡಿಸೋಣ
ಎಂದವಳು ಹಲೀನಾ. ಬಂದವನು ಕ್ಯಾಲಮ್,
ಇಪ್ಪತ್ತಮೂರರ ಹುಡುಗ. ಒದ್ದೆ ಕೊಡೆಯನ್ನು
ನಿಘಂಟುಗಳ ಮೇಲೇ ಒರಗಿಸಿ ಕೂತ.
‘ನೀವು ಮಾಡುವುದೇನು? ಒಂದೇ ಸಾಲಲ್ಲಿ ಹೇಳಿ.’

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಮರಣಪತ್ರ, ಲಗ್ನಪತ್ರ, ಲಗ್ನ ಮುರಿದ ಪತ್ರ,
ಯಾರದೋ ಮೂತ್ರಪಿಂಡದ ವರದಿ,
ಯಾರೋ ಕೋರ್ಟಿನಲ್ಲಿ ನುಂಗಿಕೊಂಡ ವಾಕ್ಯದ ಬಾಲ.
ಒಂದೇ ಸಾಲಲ್ಲಿ?
‘ಟೀ ಹಾಕಲೇ?’ ಅಂದಳು ಹಲೀನಾ.

ಹಳೆಯದರಲ್ಲಿ ಒಂದು ಭೂಗೋಳ ತಿರುಗುತ್ತಿತ್ತು,
ಸುತ್ತ ಹನ್ನೊಂದು ಭಾಷೆಯ ಸ್ವಾಗತ.
ನಮ್ಮ ಸ್ವಾಗತವೊಂದೇ ಮುರಿದದ್ದು:
ಒತ್ತಾಗಿ ಕೆಳಗಿಳಿಯಬೇಕಾದ ವಕಾರ
ಇಳಿಯದೆ ಸಕಾರದ ಪಕ್ಕದಲ್ಲೇ ನಿಂತಿತ್ತು,
ಚಪ್ಪಲಿ ಬಿಡದೆ ಒಳಗೆ ಬಂದ ನೆಂಟನ ಹಾಗೆ.
ಹದಿನಾಲ್ಕು ವರ್ಷ ಒಬ್ಬರೂ ದೂರಲಿಲ್ಲ.
ಅಂದರೆ ಕನ್ನಡದವರು ಒಬ್ಬರೂ ಓದಿರಲಿಲ್ಲ,
ನಾನೂ ಸೇರಿ.

ಕ್ಯಾಲಮ್ ಭಾಷೆಗೊಂದು ಬಾವುಟ ತಂದ.
ಹಿಂದಿಗೆ ತ್ರಿವರ್ಣ, ತಮಿಳಿಗೆ ತ್ರಿವರ್ಣ,
ಗುಜರಾತಿಗೆ, ಕನ್ನಡಕ್ಕೆ. ಪುಟವೆಲ್ಲ
ಆಗಸ್ಟ್ ಹದಿನೈದರ ಪ್ರೈಮರಿ ಶಾಲೆ.
ಕುರ್ದಿಗೆ ಬಂದು ನಿಂತ, ಹುಡುಕಿದ, ಮತ್ತೆ ಹುಡುಕಿದ,
‘ಇವರ ದೇಶ ಯಾವುದು?’
ಹಲೀನಾ ಚಮಚ ತಿರುಗಿಸುತ್ತಲೇ ಇದ್ದಳು
ಸಕ್ಕರೆಯೇ ಹಾಕದ ಟೀಯಲ್ಲಿ.
ಬಾವುಟ ತೆಗೆದೆವು.

‘ಪದಕ್ಕೆ ಇಷ್ಟು ಪೆನ್ಸ್ ಅಂತ ಬರೆಯೋಣ, ಜನಕ್ಕೆ ಅದು ಬೇಕು.’
ಅಲ್ಲೇ ನನ್ನ ಹಳೆಯ ಜಗಳ.
ಬರಲಿಲ್ಲವಂತೆ. ನಮಗೆ ಒಂದು ಪದ, ಒಂಬತ್ತು ಪೆನ್ಸ್.
ಇಂಗ್ಲಿಷಿಗೆ ಇಳಿಸಿದರೆ ಏಳು ಪದ,
ಆದರೂ ಆ ‘ಅಂತೆ’ ಪೂರ್ತಿ ಇಳಿಯುವುದಿಲ್ಲ.
ಒಮ್ಮೆ ಕೋರ್ಟಿನಲ್ಲಿ ಒಬ್ಬಾಕೆ
‘ಹೊಡೆದನಂತೆ’ ಅಂದಳು,
ತನ್ನ ಗಂಡನ ಬಗ್ಗೆ, ತನ್ನದೇ ಮೈಯ ಬಗ್ಗೆ,
ಪಕ್ಕದ ಮನೆಯ ಸುದ್ದಿ ಹೇಳುವವಳ ಹಾಗೆ.
ನಾನು ತಡವರಿಸಿದೆ. ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿ ಕಾದರು.
ಆ ಎರಡಕ್ಷರಕ್ಕೆ ಏನು ದರ ಹಾಕಲಿ, ಕ್ಯಾಲಮ್?

ಗಿರಾಕಿಗಳ ಮೆಚ್ಚುಗೆ ಹಾಕಬೇಕಂತೆ, ಫೋಟೋ ಸಮೇತ.
ಯಾರನ್ನು ಕೇಳುವುದು? ಇಲ್ಲಿಗೆ ಬಂದವರು
ಬಂದಿದ್ದೆವೆಂದು ಹೇಳಿಕೊಳ್ಳುವವರಲ್ಲ.
ಮಗನ ಮರಣಪತ್ರ ಮಾಡಿಸಿಕೊಂಡು ಹೋದ ಒಬ್ಬ ಮುದುಕ
ವಾರ ಬಿಟ್ಟು, ಮೆಟ್ಟಿಲ ಮೇಲೆ
ಒಂದು ಚೀಲ ಮೂಲಂಗಿ ಇಟ್ಟು ಹೋಗಿದ್ದ,
ಹಿತ್ತಿಲ ಮಣ್ಣು ಇನ್ನೂ ಮೆತ್ತಿಕೊಂಡಿತ್ತು.
ಫೋಟೋ ತೆಗೆಯಲು ಹೊಳೆಯಲಿಲ್ಲ. ಹುಳಿ ಮಾಡಿದೆ.
ಹಲೀನಾ ಸೊಪ್ಪನ್ನೂ ಬಿಡಲಿಲ್ಲ.

ಇವರು ಮೊದಲ ಪುಟಕ್ಕೆ ಮನೆ ಅನ್ನುತ್ತಾರೆ,
ನಾವು ಮುಖ ಅನ್ನುತ್ತೇವೆ.
ಸಂಜೆಯ ತನಕ ಮುಖ ತೊಳೆದೆವು.
ಭೂಗೋಳ ಹೋಯಿತು, ಕೈ ಕುಲುಕುವ ಸೂಟುಗಳು ಹೋದವು,
‘ವಿಶ್ವದರ್ಜೆ’ ಹೋಯಿತು. ಉಳಿದದ್ದು
ದಪ್ಪ ಅಕ್ಷರದಲ್ಲಿ ಫೋನ್ ನಂಬರು,
ಮೆಟ್ಟಿಲು ಹದಿನೇಳು, ಹಿಡಿಗಂಬಿ ಎಡಕ್ಕೆ,
ಗಂಟೆ ಕೆಟ್ಟಿದೆ, ಬಾಗಿಲು ತಟ್ಟಿ.

ಅಷ್ಟನ್ನು ಹನ್ನೊಂದು ಭಾಷೆಗೆ ಮಾಡಬೇಕಿತ್ತು.
ಹತ್ತು ಸರಾಗ ಆದವು. ಸ್ವಂತದ್ದಕ್ಕೆ ಬಂದು ಕೂತೆ.
ನಮ್ಮಲ್ಲಿ ರೊಟ್ಟಿ ತಟ್ಟುತ್ತಾರೆ, ಬೆರಣಿ ತಟ್ಟುತ್ತಾರೆ,
ಮಗುವನ್ನು ತಟ್ಟಿ ಮಲಗಿಸುತ್ತಾರೆ,
ಶಾಪ ತಾನಾಗಿಯೇ ತಟ್ಟುತ್ತದೆ.
ಬಡಿಯಿರಿ ಅನ್ನಲೇ? ಬಡಿಯುವವರು ಪೊಲೀಸರು.
ತಟ್ಟಿ ಅಂತಲೇ ಬಿಟ್ಟೆ. ಒತ್ತು ಈ ಸಲ
ಕೆಳಗೇ ಕೂತಿದೆ, ಎರಡು ಸಲ ನೋಡಿಕೊಂಡೆ.

‘ಗಂಟೆಯನ್ನೇ ಸರಿಮಾಡಿಸಬಾರದೇ?’
ಅಂದ ಕ್ಯಾಲಮ್, ಕೊಡೆ ಎತ್ತಿಕೊಳ್ಳುತ್ತ.
ಹಲೀನಾ ನನ್ನ ಕಡೆ ತಿರುಗಿದಳು,
ಅನುವಾದ ಮಾಡು ಅನ್ನುವ ಹಾಗೆ.