ಕೆಳಗಿನ ಖಾನೆ

ದುರ್ಗಿಗುಡಿಯ ನಮ್ಮ ಪ್ರೆಸ್ಸಿಗೆ ಅವರು ಬಂದದ್ದು
ಶನಿವಾರ ಮಧ್ಯಾಹ್ನ, ಸೊರಬದ ಬಸ್ಸಿಳಿದು, ಸೀದಾ.
ಮದುವೆ ಕಾಗದ ಅಂದುಕೊಂಡೆ. ಆ ತಿಂಗಳು ಬರೀ ಅದೇ.
ಚೀಲದಿಂದ ತೆಗೆದದ್ದು ಹಳೇ ಹಾಜರಿ ಪುಸ್ತಕದ
ಹದಿನಾರು ಹಾಳೆ, ದಾರ ಪೋಣಿಸಿದ್ದು.
“ಒಂದನೇ ಕ್ಲಾಸಿನವರು ತಾವೇ ಓದಬೇಕಪ್ಪ.
ಒತ್ತಕ್ಷರ ಒಂದೂ ಇಲ್ಲ. ಬೇಕಾದರೆ ಹುಡುಕು.”

ಹುಡುಕಿದೆ. ಇರಲಿಲ್ಲ.
ನನಗೇನು, ಖುಷಿಯೇ. ಒತ್ತಿನ ಮೊಳೆ ಅಂದರೆ
ಅಕ್ಕಿಯೊಳಗಿನ ನುಚ್ಚು, ಬೆರಳಿಗೆ ಸಿಗದು, ಸಿಕ್ಕರೆ ನಿಲ್ಲದು.
ಆ ವಾರ ಕೆಳಗಿನ ಖಾನೆಗೆ ಕೈಯನ್ನೇ ಹಾಕಲಿಲ್ಲ;
ಜೇಡವೊಂದು ಅಲ್ಲಿ ಸಂಸಾರ ಹೂಡಿತು.

    ಒಂದು ಊರು. ಊರಿನ ಆಚೆ ಕಾಡು.
    ಕಾಡಿನ ಒಳಗೆ ಒಂದು ಆನೆ ಮರಿ.
    ಆನೆ ಮರಿಗೆ ಹಸಿವು. ನರಿ ಮಾವ ದೋಸೆ ಮಾಡಿದ.
    ಆನೆ ಮರಿ ನೂರು ದೋಸೆ ತಿಂದಿತು.

ಜೋಡಿಸುತ್ತ ಜೋಡಿಸುತ್ತ ತಿಳಿಯಿತು
ಯಾಕೆ ಎಲ್ಲರೂ ದೋಸೆಯನ್ನೇ ತಿನ್ನುತ್ತಾರೆಂದು:
ಅನ್ನಕ್ಕೆ ಒತ್ತು, ರೊಟ್ಟಿಗೂ ಒತ್ತು.
ಬೆಕ್ಕು ಹೊರಗೆ, ಕಪ್ಪೆ ಹೊರಗೆ, ಹುಲಿ ಮಾತ್ರ ಆರಾಮಾಗಿ ಒಳಗೆ.
ಸಾಗರ, ಸೊರಬ, ಹೊಸನಗರ ಆನೆ ಮರಿ ಸುತ್ತಿ ಬಂತು;
ತೀರ್ಥಹಳ್ಳಿ ದಾರಿ ಬಂದ್,
ಶಿವಮೊಗ್ಗಕ್ಕೆ ಕಾಲಿಡುವ ಹಾಗೇ ಇಲ್ಲ.
ಯಾರೂ ಸತ್ತದ್ದೂ ಇಲ್ಲ. ‘ಇಲ್ಲ’ ಅನ್ನುವ ಮಾತೇ ಇಲ್ಲ.
ರಕ್ಷಾಪುಟದ ಮೇಲೆ ಅವರಿಗೂ ಅದೇ ಕಾನೂನು:
ಗುತ್ಯಮ್ಮ ಅಂತ ಹಾಕಿದರೆ ಮಕ್ಕಳು ಹೊಸಿಲಲ್ಲೇ ಮುಗ್ಗರಿಸುತ್ತವೆ.
‘ಬರೆದವರು: ಸೊರಬದ ಟೀಚರು.’

ಮುನ್ನೂರು ಪ್ರತಿ, ಬೆಲೆ ಒಂದೂಕಾಲು ರೂಪಾಯಿ.
ತಾವೇ ಹೊತ್ತು ಶಾಲೆ ಶಾಲೆ ತಿರುಗಿದರು.
ಹೆಡ್ಮಾಸ್ತರುಗಳು ಕಾಫಿ ತರಿಸಿದರು,
ದುಡ್ಡು ಬರುವ ವರ್ಷದ ಗ್ರಾಂಟಿನಲ್ಲಿ ಅಂದರು.

ಮಾರ್ಚಿಯಲ್ಲಿ ಕುಂಸಿಯಿಂದ ಒಂದು ಕಾರ್ಡು, ಪ್ರೆಸ್ಸಿನ ವಿಳಾಸಕ್ಕೆ.
ಪೆನ್ಸಿಲಿನ ಗುಂಡು ಗುಂಡು ಅಕ್ಷರ:
    ಆನೆ ಮರಿಯ ಅಮ ಎಲಿ
ನಾನು ನಕ್ಕೆ. ಅವರು ನಗಲಿಲ್ಲ.
ಟ್ರೆಡಲ್ಲಿನ ಪಕ್ಕ ಕಾಗದದ ರಿಮ್ಮಿನ ಮೇಲೆ ಕೂತು
ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು.
“ನೋಡೇ ಇರಲಿಲ್ಲ ಖಲಂದರ್.
ಅಪ್ಪ, ಅಕ್ಕ, ಅಣ್ಣ, ಅಜ್ಜಿ,
ಮನೆಮಂದಿಯನ್ನೆಲ್ಲ ಬಾಗಿಲಾಚೆ ನಿಲ್ಲಿಸಿಬಿಟ್ಟಿದ್ದೇನೆ.”
ತಾಯಿ ಅಂತ ಬರೆಯಬಹುದಿತ್ತಲ್ಲ ಟೀಚರ್, ಅಂದೆ.
“ತಾಯೀ ಅಂತ ಯಾವ ಮಗು ಕೂಗುತ್ತೋ?”
ಐದು ಗಂಟೆಯ ಬಸ್ಸು ತಪ್ಪಿತು ಅವತ್ತು.

ಎರಡನೇ ಪುಸ್ತಕ ಬಂದದ್ದು ನಾಲ್ಕು ವರ್ಷಕ್ಕೆ.
ಅದರಲ್ಲಿ ಒಂದೇ ಒಂದು ಒತ್ತು, ಕಡೇ ಪುಟದಲ್ಲಿ.
“ದೊಡ್ಡದಾಗಿ ಬರಲಿ, ಆನೆಯಷ್ಟು.”
ಸಿನಿಮಾ ಪೋಸ್ಟರಿನ ಮರದ ಅಕ್ಷರಗಳಿದ್ದವು. ಅ ಇತ್ತು, ಮ ಇತ್ತು,
ಮಕಾರದ ಒತ್ತು ಮಾತ್ರ ಯಾವುದೋ ಚುನಾವಣೆಯಲ್ಲಿ ಕಳೆದುಹೋಗಿತ್ತು.
ಹೊನ್ನೆಯ ಚಕ್ಕೆಯಲ್ಲಿ ನಾನೇ ಕೆತ್ತಿದೆ, ಎರಡು ರಾತ್ರಿ;
ಮೊದಲ ರಾತ್ರಿಯದು ದಂಡ, ಕನ್ನಡಿಯ ಹಾಗೆ ಕೆತ್ತಬೇಕೆಂದು ಮರೆತೇ ಹೋಗಿತ್ತು.
ಅಚ್ಚಾದಾಗ ಅಕ್ಷರ ಕೊಂಚ ಎಡಕ್ಕೆ ವಾಲಿತ್ತು.
“ಇರಲಿ ಬಿಡು,” ಅಂದರು,
“ಮಗು ಎತ್ತಿಕೊಂಡ ಹೆಂಗಸು ಹಾಗೇ ನಿಲ್ಲೋದು.”

ಆಮೇಲೆ ಕಂಪ್ಯೂಟರು ಬಂತು. ಪ್ರೆಸ್ಸು ಮುಚ್ಚಿತು.
ಮೊಳೆಗಳನ್ನು ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಟೆವು,
ಒತ್ತಿಗೂ ಅದೇ ರೇಟು.

ಮೊನ್ನೆ ಪೇಪರಿನ ಒಳಪುಟದಲ್ಲಿ, ಮೂಲೆಯಲ್ಲಿ:
ಗುತ್ಯಮ್ಮ ಟೀಚರ್ ಇನ್ನಿಲ್ಲ.
ಎಣಿಸಿದೆ. ಕೈಯ ಹಳೇ ಚಟ. ನಾಲ್ಕು ಒತ್ತು.
ನಿಶಾತ್, ನನ್ನ ಮೊಮ್ಮಗಳು, ಒಂದನೇ ಕ್ಲಾಸು,
ತೊಡೆ ಹತ್ತಿ ಬೆರಳಿಟ್ಟು ಓದಿದಳು:
“ಗು, ತ, ಮ… ಟೀಚರ… ಇ, ನಿ, ಲ.
ಇನಿಲ ಅಂದರೆ ಏನು ದಾದಾ?”
ಅದು ಮುಂದಿನ ವರ್ಷದ ಪಾಠ, ಅಂದೆ.
ಸರಿ ಅಂತ ಅವಳು ಪೇಪರನ್ನು ನೆಲಕ್ಕೆ ಹಾಸಿ
ಮಂಡಕ್ಕಿ ಸುರಿದುಕೊಂಡಳು.